ಕೊನೆಯ ಅರ್ಧ ಮಿಲಿಮೀಟರ್ ನಿಮ್ಮ ಲೇತಿಗೇ ಬಿಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಚಿಂಚವಾಡದಲ್ಲಿದ್ದೇನೆ, ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಪಾರ್ಕಿಂಗ್‌ನ ಮೂಲೆಯಲ್ಲಿ ಒಂದು ಮಿನಿ ಲೇತ್ ಇಟ್ಟುಕೊಂಡು ಪುಟ್ಟ ಸ್ಟೀಮ್ ಎಂಜಿನ್ ಮಾಡುವ ಹವ್ಯಾಸ. ನನ್ನ ಹಾಗೇ ಮನೆಯಲ್ಲಿ ಲೇತ್ ಇರುವ 17 ಜನ ಕನ್ನಡಿಗರ ಗುಂಪು ನಮ್ಮದು. 13 ಜನ ಪುಣೆಯಲ್ಲಿ, ಉಳಿದವರು ಬೆಳಗಾವಿ, ಹುಬ್ಬಳ್ಳಿ ಕಡೆ. ಎಲ್ಲರಿಗೂ 80 ಮಿಮೀ ಚಕ್ (ಕೆಲಸದ ತುಂಡನ್ನು ಹಿಡಿಯುವ ಭಾಗ) ತೆಗೆದು 100 ಮಿಮೀ ಚಕ್ ಹಾಕಬೇಕಿದೆ. ಅದಕ್ಕೆ ನಡುವೆ ಒಂದು ಬ್ಯಾಕ್ ಪ್ಲೇಟ್ ಬೇಕು. ಸ್ಪಿಂಡಲ್ (ಲೇತ್‌ನ ತಿರುಗುವ ದಂಡ) ಕಡೆ 55 ಮಿಮೀ ರಿಜಿಸ್ಟರ್ (ಕೇಂದ್ರಕ್ಕೆ ಕೂರಿಸುವ ದುಂಡು ಉಬ್ಬು), 66 ಪಿಸಿಡಿಯಲ್ಲಿ (ಬೋಲ್ಟ್ ತೂತುಗಳು ಕೂರುವ ವೃತ್ತದ ವ್ಯಾಸ) ಮೂರು ಎಂ6, ಅಂದರೆ 6 ಮಿಮೀ ಬೋಲ್ಟ್. ಚಕ್ ಕಡೆ 72 ಮಿಮೀ, 84 ಪಿಸಿಡಿಯಲ್ಲಿ ಮೂರು ಎಂ8. ಒಬ್ಬೊಬ್ಬರೇ ಹೋಗಿ ರೇಟು ಕೇಳಿ ವಾಪಸ್ ಬರುತ್ತಿದ್ದೇವೆ. ಒಟ್ಟಿಗೆ ಮಾಡಿಸೋಣ ಎಂದು ಎಲ್ಲರೂ ನನ್ನನ್ನೇ ಮುಂದೆ ಮಾಡಿದ್ದಾರೆ. 50 ಜನ ಸೇರಿಸಿದರೆ ಇನ್ನೂ ಅಗ್ಗ ಆಗುತ್ತದೆ ಎನ್ನುವವರೂ ಇದ್ದಾರೆ. ಎಲ್ಲಿಂದ ಶುರು ಮಾಡಲಿ? ಬೇರೆಯವರ ದುಡ್ಡು ಕೈಯಲ್ಲಿ ಇಟ್ಟುಕೊಳ್ಳಲು ಭಯ ಆಗುತ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ದುಡ್ಡಿನ ಭಯ ಇದೆ, ಅಳತೆಯ ಭಯ ಇಲ್ಲ. ನನಗೆ ಅಳತೆಯದ್ದೇ ಚಿಂತೆ. ದುಡ್ಡಿನ ಲೆಕ್ಕ ಒಂದು ಪುಟದ ಕೆಲಸ, ಅದನ್ನು ಆಮೇಲೆ ಹೇಳುತ್ತೇನೆ. ಹೆಸರಿಗೆ 17 ಲೇತ್‌ಗಳೂ ಒಂದೇ ಮಾದರಿ ಇರಬಹುದು. ಆದರೆ ಬೇರೆ ಬೇರೆ ವರ್ಷ, ಬೇರೆ ಬೇರೆ ಕಾರ್ಖಾನೆಯಿಂದ ಬಂದವು. ಒಂದೇ ಡ್ರಾಯಿಂಗ್‌ನಿಂದ ಬಂದ ಪ್ಲೇಟು 17 ಕಡೆ ಹೇಗೆ ಕೂರುತ್ತದೆ ಎನ್ನುವುದೇ ಈ ಕೆಲಸದ ಹೃದಯ.

ಇದನ್ನು ನಾನು ಕಷ್ಟಪಟ್ಟು ಕಲಿತವನು. ಸುಮಾರು ಹತ್ತು ವರ್ಷದ ಹಿಂದೆ ನಾವು 14 ಜನ ಸೇರಿ ಮಿಲ್ಲಿಂಗ್ ಟೇಬಲ್‌ಗೆ ಟಿ-ನಟ್ (ಟೇಬಲ್ ಸ್ಲಾಟಿನೊಳಗೆ ಕೂತು ಬೋಲ್ಟ್ ಹಿಡಿಯುವ ನಟ್) ಮಾಡಿಸಿದೆವು. ಒಬ್ಬೊಬ್ಬರಿಗೆ ಆರು, ಒಟ್ಟು 84. ಡ್ರಾಯಿಂಗ್ ಬರೆದದ್ದು ನಾನೇ. ಎಲ್ಲರ ಟೇಬಲ್ ಸ್ಲಾಟ್ 12 ಮಿಮೀ ಎಂದಿದ್ದರು, ಹಾಗಾಗಿ ನಟ್ಟಿನ ಕತ್ತಿನ ಅಗಲಕ್ಕೂ ಸುಮ್ನೆ 12 ಎಂದು ಬರೆದೆ. ಟಾಲರೆನ್ಸ್, ಅಂದರೆ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಎನ್ನುವುದನ್ನು, ಹಾಕಲಿಲ್ಲ. ವರ್ಕ್‌ಶಾಪಿನವರು ಡ್ರಾಯಿಂಗ್ ನೋಡಿ 12 ಮಾಡಿದರು. ಕೆಲವು 12.05, ಕೆಲವು 11.98. ಅವರದ್ದು ಏನೂ ತಪ್ಪಿಲ್ಲ. ಒಬ್ಬರ ಟೇಬಲ್ ಸ್ಲಾಟ್ 11.9 ಇತ್ತು, ಇನ್ನೊಬ್ಬರದ್ದು 12.1. ಅರ್ಧ ಜನಕ್ಕೆ ನಟ್ ಒಳಗೇ ಹೋಗಲಿಲ್ಲ. ನಾನು 11.7 ಎಂದು ಬರೆದಿದ್ದರೆ ಎಲ್ಲರಿಗೂ ಹೋಗುತ್ತಿತ್ತು, ಹಿಡಿತಕ್ಕೆ ಏನೂ ಕಡಿಮೆ ಆಗುತ್ತಿರಲಿಲ್ಲ. ಇನ್ನೊಂದು ತಪ್ಪೂ ಆಯಿತು. ಟಿ-ನಟ್ಟಿನ ತಳದ ಕೊನೆಯ ಒಂದೆರಡು ಎಳೆಗಳನ್ನು ಪಂಚ್ ಹೊಡೆದು ಕೆಡಿಸಬೇಕು ಎಂದು ಬರೆಯಲು ಮರೆತೆ. ಹಾಗೆ ಕೆಡಿಸದಿದ್ದರೆ ಬೋಲ್ಟ್ ಆರ್‌ಪಾರ್ ಇಳಿದು ಸ್ಲಾಟಿನ ತಳಕ್ಕೆ ಒತ್ತುತ್ತದೆ, ಎರಕದ ಟೇಬಲ್‌ನ ಸ್ಲಾಟಿನ ತುಟಿ ಬಿರುಕು ಬಿಡಬಹುದು. ಎರಡು ವಾರ ನಾಲ್ಕು ಜನ ಕೂತು ಒಂದೊಂದೇ ನಟ್ ಫೈಲ್ ಮಾಡಿದೆವು. ದುಡ್ಡು ಹೋಗಲಿಲ್ಲ, ಗೆಳೆತನವೂ ಹೋಗಲಿಲ್ಲ. ಆದರೆ ಅವತ್ತಿನಿಂದ ಗುಂಪಿನ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೊದಲು ಡ್ರಾಯಿಂಗ್ ಮೇಲೆ ಕೂರುತ್ತೇನೆ.

ನಿಮ್ಮ ಪ್ಲೇಟಿಗೆ ಬರೋಣ. ನನ್ನ ಸಲಹೆ ಒಂದೇ ಸಾಲಿನದ್ದು: ಹಿಂದಿನ ಮುಖ ಪೂರ್ತಿ ಮಾಡಿಸಿ, ಮುಂದಿನ ಮುಖದ ಕೊನೆಯ ಅರ್ಧ ಮಿಲಿಮೀಟರ್ ಬಿಡಿಸಿ. ಅಂದರೆ ಸ್ಪಿಂಡಲ್ ಮೇಲೆ ಕೂರುವ 55ರ ಗುಣಿ ವರ್ಕ್‌ಶಾಪಿನಲ್ಲೇ ಸರಿಯಾದ ಅಳತೆಗೆ ಬರಲಿ. ಚಕ್ ಕೂರುವ 72ರ ಸ್ಪಿಗಾಟ್ (ಪ್ಲೇಟಿನ ಮುಂದಿನ ದುಂಡು ಉಬ್ಬು) ಮಾತ್ರ 72.5ಕ್ಕೆ ನಿಲ್ಲಲಿ. ಮುಖದ ಮೇಲೂ 0.3 ಮಿಮೀ ಜಾಸ್ತಿ ಇರಲಿ. ಪ್ರತಿಯೊಬ್ಬರೂ ಪ್ಲೇಟನ್ನು ತಮ್ಮ ಸ್ಪಿಂಡಲ್‌ಗೆ ಬಿಗಿದು, ಅಲ್ಲೇ ತಿರುಗಿಸಿ, ತಮ್ಮ ಚಕ್ಕಿನ ಗುಣಿಗೆ ತಕ್ಕಂತೆ ಕೊನೆಯ ಕಟ್ ತೆಗೆದುಕೊಳ್ಳಲಿ.

ನಾನು ಕೆಲಸ ಕಲಿತದ್ದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಮೇಲೆ. 1941ರಲ್ಲಿ ಶುರುವಾದ ಕಂಪನಿ ಅದು, ನಮ್ಮ ಕಡೆಯ ಎಷ್ಟೋ ಟರ್ನರ್‌ಗಳ ಕೈ ಪಳಗಿದ್ದು ಅದರ ಲೇತ್‌ಗಳ ಮೇಲೆಯೇ. ಹೊಸ ಚಕ್ ಬಂದರೆ ನಮ್ಮ ಮೇಸ್ತ್ರಿ ಪ್ಲೇಟನ್ನು ಬೇರೆ ಯಾವ ಮೆಷಿನ್‌ನಲ್ಲೂ ಮುಗಿಸಲು ಬಿಡುತ್ತಿರಲಿಲ್ಲ. ಯಾವ ಸ್ಪಿಂಡಲ್ ಮೇಲೆ ಬಾಳಬೇಕೋ ಅದರ ಮೇಲೆಯೇ ಕೊನೆಯ ಕಟ್. ಕಾರಣ ಸರಳ. ಸ್ಪಿಂಡಲ್ ಮುಖದಲ್ಲಿ ಒಂದೆರಡು ಸೆಂಟಿ ತಪ್ಪಿರಬಹುದು, ಅಂದರೆ 0.01, 0.02 ಮಿಮೀ. ರಿಜಿಸ್ಟರ್ ಸ್ವಲ್ಪ ಸಡಿಲ ಇರಬಹುದು. ಪ್ಲೇಟ್ ಬಿಗಿದ ಮೇಲೆ ಅಲ್ಲೇ ಕಟ್ ತೆಗೆದರೆ ಆ ತಪ್ಪೆಲ್ಲ ಕತ್ತರಿಸಿ ಹೋಗುತ್ತದೆ. ಹೊಸ ಸ್ಪಿಗಾಟ್‌ನ ಕೇಂದ್ರ ಮತ್ತು ನಿಮ್ಮ ಸ್ಪಿಂಡಲ್‌ನ ಕೇಂದ್ರ ಎರಡೂ ಒಂದೇ ಆಗುತ್ತವೆ. ಲಕ್ಷಗಟ್ಟಲೆ ಬೆಲೆಯ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಕೂಡ ನಿಮ್ಮ ಪಾರ್ಕಿಂಗ್ ಮೂಲೆಯ ಸ್ಪಿಂಡಲ್‌ಗೆ ಈ ಕೆಲಸ ಮಾಡಿಕೊಡಲಾರದು, ಅಲ್ವಾ?

ಇದರಿಂದ ಇನ್ನೊಂದು ಲಾಭ. 72.5ಕ್ಕೆ ಟಾಲರೆನ್ಸ್ ±0.1 ಕೊಟ್ಟರೂ ಸಾಕು. ಬಿಗಿ ಅಳತೆ ಒಂದು ಕಡಿಮೆಯಾದರೆ ವರ್ಕ್‌ಶಾಪಿನವರಿಗೆ ಚೆಕಿಂಗ್ ಕಡಿಮೆ, ರಿಜೆಕ್ಟ್ ಕಡಿಮೆ, ರೇಟೂ ಕಡಿಮೆ. ಡ್ರಾಯಿಂಗ್‌ನಲ್ಲಿ ನಿಜವಾಗಿ ಬಿಗಿ ಇರಬೇಕಾದ್ದು ಎರಡೇ. ಒಂದು, 55ರ ಗುಣಿ. ಅದಕ್ಕೆ 55 ಎಚ್7 ಎಂದು ಬರೆಯಿರಿ. ಅಂದರೆ 55.000ರಿಂದ 55.030ರ ಒಳಗೆ. ಎರಡು, ಹಿಂದಿನ ಮುಖ ಆ ಗುಣಿಗೆ ನೆಟ್ಟಗಿರಬೇಕು. ಇದಕ್ಕೆ ಗುಣಿ ಮತ್ತು ಹಿಂದಿನ ಮುಖ ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಮಾಡಬೇಕು ಎಂದು ಡ್ರಾಯಿಂಗ್ ಮೇಲೆ ಬರೆದುಬಿಡಿ. ನಡುವೆ ಪೀಸ್ ತೆಗೆದು ತಿರುಗಿಸಿ ಹಿಡಿದರೆ ಅಲ್ಲಿಗೆ ಕಥೆ ಮುಗಿಯಿತು. ಉಳಿದ ಅಳತೆಗಳಿಗೆ ಐಎಸ್‌ಒ 2768-ಎಂ (ಸಾಮಾನ್ಯ ಟಾಲರೆನ್ಸಿನ ಮಾನದಂಡ) ಎಂದು ಒಂದು ಸಾಲು ಹಾಕಿದರೆ ಸಾಕು. 30ರಿಂದ 120 ಮಿಮೀ ಅಳತೆಗೆ ±0.3, 6ರಿಂದ 30ಕ್ಕೆ ±0.2. ಎಲ್ಲ ಅಳತೆಗೂ ±0.02 ಬರೆದುಕೊಂಡು ಹೋಗುವ ಹವ್ಯಾಸಿಗಳನ್ನು ನಾನು ನೋಡಿದ್ದೇನೆ. ಹೊರಗಿನ ವ್ಯಾಸ 105ಕ್ಕೂ ±0.02 ಬರೆದರೆ ವರ್ಕ್‌ಶಾಪಿನ ಶೇಟ್ (ಮಾಲೀಕರು) ದುಪ್ಪಟ್ಟು ಹೇಳುತ್ತಾರೆ, ಅದು ನ್ಯಾಯವೇ.

105 ಎಂದೆ. ನೀವು 100 ಅಂದುಕೊಂಡಿದ್ದಿರಬೇಕು, ಚಕ್ 100 ಇದೆಯಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಚಕ್ಕಿಗೆ ಎಂ8 ಬೋಲ್ಟ್‌ಗಳು ಹಿಂದಿನಿಂದ, ಪ್ಲೇಟಿನ ಮೂಲಕ ಹೋಗಬೇಕು. ಎಂ8 ಅಲೆನ್ ಬೋಲ್ಟಿನ ತಲೆ 13 ಮಿಮೀ ಅಗಲ, 8 ಮಿಮೀ ಎತ್ತರ. 84 ಪಿಸಿಡಿ ಅಂದರೆ ಕೇಂದ್ರದಿಂದ 42. ತಲೆಯ ಒಳ ಅಂಚು 42 ಕಳೆ 6.5, ಅಂದರೆ 35.5ಕ್ಕೆ ಬರುತ್ತದೆ. ಈ ಜಾತಿಯ ಲೇತ್‌ನಲ್ಲಿ ಸ್ಪಿಂಡಲ್ ಫ್ಲಾಂಜ್ (ಸ್ಪಿಂಡಲ್ ತುದಿಯ ಅಗಲ ಬಿಲ್ಲೆ) ಸುಮಾರು 80 ಮಿಮೀ, ಅರ್ಧ 40. ಹಾಗಾದರೆ ತಲೆ ಹೊರಗೆ ಉಳಿದರೆ ಫ್ಲಾಂಜಿಗೆ ಬಡಿಯುತ್ತದೆ, ಪ್ಲೇಟ್ ಕೂರುವುದೇ ಇಲ್ಲ. ಅದಕ್ಕೇ ತಲೆಯನ್ನು ಪ್ಲೇಟಿನ ಒಳಗೆ ಮುಳುಗಿಸುವ ಕೌಂಟರ್‌ಬೋರ್ ಬೇಕು, 15 ಮಿಮೀ ಅಗಲ, 9 ಮಿಮೀ ಆಳ. ಈಗ ಹೊರಗಿನ ಅಂಚು ನೋಡಿ. 42 ಮತ್ತು 7.5 ಕೂಡಿದರೆ 49.5. ಪ್ಲೇಟ್ 100 ಇದ್ದರೆ ಅರ್ಧ 50. ಗೋಡೆ ಉಳಿಯುವುದು ಬರೀ ಅರ್ಧ ಮಿಮೀ! ಹಾಳೆಯ ಹಾಗೆ ಹರಿದುಹೋಗುತ್ತದೆ, ಬೆರಳೂ ಕೊಯ್ಯುತ್ತದೆ. 105 ಮಾಡಿದರೆ 3 ಮಿಮೀ ಗೋಡೆ ಸಿಗುತ್ತದೆ. ಚಕ್ಕಿಗಿಂತ ಪ್ಲೇಟ್ ಎರಡೂವರೆ ಮಿಮೀ ಆಚೆ ಕಾಣುತ್ತದೆ, ಅದರಿಂದ ತೊಂದರೆ ಏನೂ ಇಲ್ಲ.

ಎಂ6 ತೂತುಗಳದ್ದೂ ಇಂಥದ್ದೇ ಒಂದು ಗುಟ್ಟಿದೆ. 66 ಪಿಸಿಡಿ ಅಂದರೆ ಕೇಂದ್ರದಿಂದ 33. ಎಂ6ರ ಅರ್ಧ 3. ಕೂಡಿದರೆ 36. ನಿಮ್ಮ ಸ್ಪಿಗಾಟ್ 72, ಅದರ ಅರ್ಧವೂ 36! ಅಂದರೆ ಈ ತೂತುಗಳು ಆರ್‌ಪಾರ್ ಹೋದರೆ ಸ್ಪಿಗಾಟ್‌ನ ಅಂಚನ್ನೇ ಕಚ್ಚಿಕೊಂಡು ಹೊರಬರುತ್ತವೆ. ಚಕ್ ಕೂರಬೇಕಾದ ಅಂಚಿನಲ್ಲಿ ಮೂರು ಕಡೆ ಹಲ್ಲು ಬಿದ್ದ ಹಾಗೆ. ನೀವು ಕೊನೆಯ ಕಟ್ ತೆಗೆಯುವಾಗಲೂ ಟೂಲ್ ಅಲ್ಲಿ ಟಕ್ ಟಕ್ ಎನ್ನುತ್ತದೆ. ಆದ್ದರಿಂದ ಎಂ6 ತೂತುಗಳು ಹಿಂದಿನಿಂದ ಶುರುವಾಗಿ ಪ್ಲೇಟಿನೊಳಗೇ ನಿಲ್ಲಲಿ. 5 ಮಿಮೀ ಡ್ರಿಲ್ 15 ಆಳ, ಟ್ಯಾಪ್ 12 ಆಳ. ಪ್ಲೇಟಿನ ದೇಹ 18 ಮಿಮೀ, ಸ್ಪಿಗಾಟ್ 3 ಮಿಮೀ ಇಟ್ಟರೆ ಇದಕ್ಕೆ ಜಾಗ ಸಾಕಷ್ಟಾಯಿತು. ಎಂ8 ತೂತುಗಳನ್ನು ಎಂ6ರಿಂದ 60 ಡಿಗ್ರಿ ತಿರುಗಿಸಿ ಹಾಕಿ, ಒಂದಕ್ಕೊಂದು ದೂರ ಇರಲಿ.

ಸ್ಪಿಗಾಟ್‌ನ ಎತ್ತರ ಚಕ್ಕಿನ ಗುಣಿಯ ಆಳಕ್ಕಿಂತ ಕಡಿಮೆ ಇರಬೇಕು. 55ರ ಗುಣಿಯ ಆಳ ಸ್ಪಿಂಡಲ್ ರಿಜಿಸ್ಟರಿನ ಎತ್ತರಕ್ಕಿಂತ ಅರ್ಧ ಮಿಮೀ ಜಾಸ್ತಿ ಇರಬೇಕು. ಕೂರಬೇಕಾದ್ದು ಮುಖಕ್ಕೆ ಮುಖ. ತಳ ತಾಗಬಾರದು. ಮೂಲೆಗಳಲ್ಲಿ ಒಂದು ಸಣ್ಣ ಅಂಡರ್‌ಕಟ್ (ತೋಡು) ಹಾಕಿಸಿ, ಇಲ್ಲದಿದ್ದರೆ ಟೂಲಿನ ಮೂತಿಯ ದುಂಡು ಆ ಮೂಲೆಯಲ್ಲಿ ಉಳಿದು ಪ್ಲೇಟನ್ನು ಎತ್ತಿ ಹಿಡಿಯುತ್ತದೆ. ನಡುವಿನ ತೂತು 22 ಮಿಮೀ ಸಾಕು.

ಈ ಅಳತೆಗಳನ್ನೆಲ್ಲ ನೀವು ಬರೆದ ನಾಲ್ಕು ಅಂಕಿಗಳ ಮೇಲೆ ಕಟ್ಟಿದ್ದೇನೆ. ಅವು ಸರಿಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಎಲ್ಲರಿಗೂ "ನಿಮ್ಮ ಲೇತ್ ಅಳೆದು ಕಳಿಸಿ" ಎನ್ನಬೇಡಿ. ಒಬ್ಬರು ಪ್ಲಾಸ್ಟಿಕ್ ವರ್ನಿಯರ್‌ನಲ್ಲಿ ಅಳೆಯುತ್ತಾರೆ, ಇನ್ನೊಬ್ಬರು ಕೈಪಿಡಿ ನೋಡಿ ಬರೆದುಬಿಡುತ್ತಾರೆ. 50–75 ಮಿಮೀ ಮೈಕ್ರೊಮೀಟರ್ ಒಂದನ್ನು ಹೊಂದಿಸಿಕೊಳ್ಳಿ. ಅದರ ಜೊತೆ ಬರುವ 50ರ ಸ್ಟ್ಯಾಂಡರ್ಡ್ ಮೇಲೆ ಸೊನ್ನೆ ನೋಡಿಕೊಂಡು, ಪುಣೆಯ 13 ಮನೆಗೂ ನೀವೇ ಹೋಗಿ. ಎರಡು ಭಾನುವಾರ ಸಾಕು. ಹೋದಲ್ಲೆಲ್ಲ ಚಹಾ, ಅವಲಕ್ಕಿ ಸಿಗುತ್ತದೆ, ಅವರ ಕೆಲಸವೂ ಕಣ್ಣಿಗೆ ಬೀಳುತ್ತದೆ. ಒಂದೇ ಮೈಕ್ರೊಮೀಟರ್, ಒಂದೇ ಕೈ ಇದ್ದರೆ ಅಂಕಿಗಳನ್ನು ಹೋಲಿಸಬಹುದು. ನಾನು ಹೀಗೆ ಅಳೆದಾಗ 55ರ ರಿಜಿಸ್ಟರ್‌ಗಳು 54.93ರಿಂದ 54.99ರವರೆಗೆ ಸಿಕ್ಕಿದ್ದವು. 54.93 ಇದ್ದವರಿಗೆ 55 ಎಚ್7 ಗುಣಿ ಸ್ವಲ್ಪ ಸಡಿಲವೇ. ಅವರು ಪ್ಲೇಟ್ ಬಿಗಿದು ಕೊನೆಯ ಕಟ್ ತೆಗೆದ ಮೇಲೆ ಪ್ಲೇಟಿನ ಅಂಚಿನಲ್ಲೂ ಫ್ಲಾಂಜಿನ ಅಂಚಿನಲ್ಲೂ ಒಂದೊಂದು ಪಂಚ್ ಗುರುತು ಹಾಕಿಕೊಳ್ಳಬೇಕು. ಮತ್ತೆ ತೆಗೆದು ಹಾಕಿದಾಗ ಅದೇ ಜಾಗಕ್ಕೆ ತಂದು, ಡಯಲ್ ಗೇಜ್ ಇಟ್ಟು ಒಮ್ಮೆ ನೋಡಿ ಬಿಗಿದರೆ ಆಯಿತು. ಬೆಳಗಾವಿ, ಹುಬ್ಬಳ್ಳಿಯವರ ಹತ್ತಿರ ಮೈಕ್ರೊಮೀಟರ್ ಇರುವ ಟರ್ನರ್ ಯಾರಾದರೂ ಸಿಕ್ಕೇ ಸಿಗುತ್ತಾರೆ. ರಿಜಿಸ್ಟರ್ 55ಕ್ಕಿಂತ ದೊಡ್ಡದಿರುವ ಲೇತ್ ಒಂದೇ ಒಂದು ಕಂಡರೂ ಅವರನ್ನು ಈ ಸುತ್ತಿನಿಂದ ಬಿಡಿ. ಒಬ್ಬರಿಗಾಗಿ ಎಲ್ಲರ ಗುಣಿ ದೊಡ್ಡದು ಮಾಡಬೇಡಿ.

ಲೋಹ ಯಾವುದು? ಹಳೆಯ ಕ್ರಮ ಎರಕದ ಕಬ್ಬಿಣ, ಎಫ್‌ಜಿ260. ಕಂಪನ ನುಂಗುತ್ತದೆ, ಕಟ್ ಸಲೀಸು. ಆದರೆ ಅದರ ಕಪ್ಪು ಪುಡಿ ಮನೆಯ ಲೇತ್‌ನ ಸ್ಲೈಡ್‌ಗಳ ಸಂದಿಗೆಲ್ಲ ಹೋಗುತ್ತದೆ. ಈ ಗಾತ್ರಕ್ಕೆ ನನ್ನ ಆಯ್ಕೆ ಇಎನ್8 ಎನ್ನುವ ಮಧ್ಯಮ ಕಾರ್ಬನ್ ಉಕ್ಕು. ಪುಣೆಯಲ್ಲಿ ಎಲ್ಲ ಗಾತ್ರದ ರೌಂಡ್ ಬಾರ್ ಸಿಗುತ್ತದೆ. ತೂಕ ನೀವೇ ಲೆಕ್ಕ ಹಾಕಬಹುದು. ಸ್ಟೀಲ್ ಅಂಗಡಿಯವರೆಲ್ಲ ಬಳಸುವ ಸೂತ್ರ: ವ್ಯಾಸವನ್ನು ವ್ಯಾಸದಿಂದ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 105 ಪ್ಲೇಟಿಗೆ 110ರ ಬಾರ್ ಬೇಕು. 12,100 ಭಾಗಿಸು 162, ಮೀಟರಿಗೆ 74.7 ಕೆಜಿ. ಒಂದು ಪ್ಲೇಟಿಗೆ 21 ಮಿಮೀ ದಪ್ಪ, ಎರಡು ಮುಖಕ್ಕೆ 2, ಗರಗಸಕ್ಕೆ 3, ಒಟ್ಟು 26 ಮಿಮೀ. ಅಂದರೆ 1.94 ಕೆಜಿ. ಕೈಗೆ ಬರುವ ಪ್ಲೇಟ್ ಸುಮಾರು 1.1 ಕೆಜಿ, ಉಳಿದದ್ದು ಚಿಪ್ಸ್. 17 ಜನಕ್ಕೆ ಎರಡು ಸ್ಪೇರ್ ಸೇರಿಸಿ 19 ಪೀಸ್ ಮಾಡಿಸಿ. 494 ಮಿಮೀ ಆಯಿತು, ಅರ್ಧ ಮೀಟರ್ ಬಾರ್ ಸರಿಯಾಗಿ ಸಾಕು. ಈ ಲೆಕ್ಕ ಗೊತ್ತಿದ್ದು ಮಾತಾಡಿದರೆ ವರ್ಕ್‌ಶಾಪಿನವರೂ ನಿಮ್ಮನ್ನು ಬೇರೆ ರೀತಿ ನೋಡುತ್ತಾರೆ.

50 ಜನ ಸೇರಿಸುವ ಮಾತಿಗೆ ಬರುತ್ತೇನೆ. ರೇಟಿನಲ್ಲಿ ಎರಡು ಪಾಲು ಇರುತ್ತದೆ. ಪ್ರೋಗ್ರಾಂ ಬರೆಯುವುದು, ಪೀಸ್ ಹಿಡಿಯುವ ಜಾಗಳನ್ನು (ಚಕ್ಕಿನ ಹಲ್ಲುಗಳನ್ನು) ಬೋರ್ ಮಾಡುವುದು, ಮೊದಲ ಪೀಸ್ ಹೊಂದಿಸುವುದು ಒಮ್ಮೆ ಮಾತ್ರ ಆಗುವ ಖರ್ಚು. ಲೋಹ ಮತ್ತು ಮೆಷಿನ್ ಓಡುವ ಸಮಯ ಪ್ರತಿ ಪೀಸಿಗೂ ಆಗುವ ಖರ್ಚು. ತಿಳಿಯಲಿ ಎಂದು ಒಂದು ಅಂಕಿ ಇಟ್ಟುಕೊಳ್ಳೋಣ, ಇದು ಮಾರುಕಟ್ಟೆ ರೇಟಲ್ಲ. ಸೆಟ್ಟಿಂಗ್‌ಗೆ 4,000 ರೂ., ಪೀಸಿಗೆ 900 ರೂ. ಒಂದೇ ಪೀಸ್ ಮಾಡಿಸಿದರೆ 4,900. ಐದಾದರೆ ಒಂದಕ್ಕೆ 1,700. 17 ಆದರೆ 1,135. 50 ಆದರೆ 980. ನೋಡಿ, ಒಂದರಿಂದ 17ಕ್ಕೆ ಬಂದಾಗ ನೀವು ಒಬ್ಬೊಬ್ಬರೂ 3,700ಕ್ಕೂ ಹೆಚ್ಚು ಉಳಿಸಿದಿರಿ. ಇನ್ನು 33 ಜನರನ್ನು ಹುಡುಕಿ, ಅವರ ಲೇತ್ ಅಳೆದು, ಅವರ ಫೋನ್ ಎತ್ತಿ, ಪ್ಲೇಟ್ ಕಳಿಸಿ ಉಳಿಸುವುದು 155. ಖಂಡಿತ ಬೇಡ. ನಿಮಗೆ ಪರಿಚಯ ಇರುವ, ನೀವು ಮನೆಗೆ ಹೋಗಿ ಅಳೆಯಬಲ್ಲ ಜನ ಎಷ್ಟೋ ಅಷ್ಟೇ ಸರಿಯಾದ ಗುಂಪು.

ವರ್ಕ್‌ಶಾಪ್ ಹುಡುಕಲು ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೇ ಹೋಗಿ. ನಿಮಗೆ ಹತ್ತಿರವೂ ಹೌದು. ಚಾಕಣದ ದೊಡ್ಡ ಘಟಕಗಳು ವಾಹನ ಕಂಪನಿಗಳಿಗೆ ಸಾವಿರ ಸಾವಿರ ಪೀಸ್ ಮಾಡುವವು, 19 ಪೀಸಿಗೆ ಅವರಿಗೆ ಪುರುಸೊತ್ತಿರುವುದಿಲ್ಲ. ಎರಡು ಸಿಎನ್‌ಸಿ ಟರ್ನಿಂಗ್, ಒಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ಇರುವ ಸಣ್ಣ ಶೆಡ್ ನಿಮಗೆ ಬೇಕಾದದ್ದು. ಮಾಲೀಕರೇ ಮೆಷಿನ್ ಹತ್ತಿರ ನಿಂತಿರುತ್ತಾರೆ. ಹೋಗುವಾಗ ಫೋನಿನ ಫೋಟೊ ಸಾಲದು, ಕಾಗದದ ಡ್ರಾಯಿಂಗ್ ಒಯ್ಯಿರಿ. ಜೊತೆಗೆ ಒಂದು 100 ಮಿಮೀ ಚಕ್ ಕೂಡ. ಚಕ್ ಮೇಜಿನ ಮೇಲಿಟ್ಟು ಪ್ಲೇಟ್ ಎಲ್ಲಿ ಕೂರುತ್ತದೆ ಎಂದು ತೋರಿಸಿದರೆ ಹತ್ತು ಮಾತು ಉಳಿಯುತ್ತದೆ. ನಾನು ಹೋದ ಶೆಡ್‌ಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಆಪರೇಟರ್‌ಗಳು ಎಷ್ಟೋ ಸಲ ಸಿಕ್ಕಿದ್ದಾರೆ. "ಯಾವ ಊರ್ರೀ?" ಎಂದು ಕೇಳಿ ಮಾತು ಶುರುವಾದರೆ, 55ರ ಗುಣಿಯ ಬಗ್ಗೆ ಅವರೇ ಕಾಳಜಿ ತೆಗೆದುಕೊಳ್ಳುತ್ತಾರೆ.

ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ. ತೀರಾ ಕಡಿಮೆ ಹೇಳಿದವರನ್ನು "55 ಎಚ್7 ಹೇಗೆ ಚೆಕ್ ಮಾಡುತ್ತೀರಿ?" ಎಂದು ಕೇಳಿ. ಬೋರ್ ಗೇಜ್ ತೆಗೆದು ತೋರಿಸಿದರೆ ಸರಿ. ವರ್ನಿಯರ್ ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ. ಕೊಟೇಶನ್‌ನಲ್ಲಿ ಲೋಹದ ಹೆಸರು, ಪೀಸಿನ ಸಂಖ್ಯೆ, ಡ್ರಾಯಿಂಗ್ ನಂಬರ್ ಮತ್ತು ಅದರ ತಿದ್ದುಪಡಿ ನಂಬರ್, ತಾರೀಖು, ಅಳತೆ ತಪ್ಪಿದರೆ ಯಾರ ಖರ್ಚು ಎನ್ನುವುದು ಬರೆದಿರಲಿ. ಶೇ. 18 ಜಿಎಸ್‌ಟಿ ಮೇಲೆ ಸೇರುತ್ತದೆ. ಆಗ 1,135 ಎಂದದ್ದು ಸುಮಾರು 1,340 ಆಗುತ್ತದೆ. ಗುಂಪಿಗೆ ರೇಟು ಹೇಳುವಾಗ ಜಿಎಸ್‌ಟಿ ಸೇರಿಸಿಯೇ ಹೇಳಿ. ಆಮೇಲೆ ಸೇರಿಸಿದರೆ, ನಿಮ್ಮ ತಪ್ಪಿಲ್ಲದಿದ್ದರೂ ಜನ ಮುಖ ಸಣ್ಣ ಮಾಡಿಕೊಳ್ಳುತ್ತಾರೆ.

ಮೊದಲು ಒಂದೇ ಪೀಸ್ ಮಾಡಿಸಿ. ಉಳಿದ 18 ಕಾಯಲಿ. ಆ ಒಂದನ್ನು ಎರಡು ಬೇರೆ ಬೇರೆ ಲೇತ್ ಮೇಲೆ ಹಾಕಿ ನೋಡಿ, ನೀವು ಅಳೆದದ್ದರಲ್ಲಿ ಅತಿ ದೊಡ್ಡ ರಿಜಿಸ್ಟರ್ ಇರುವ ಒಂದು, ಅತಿ ಚಿಕ್ಕದು ಇರುವ ಒಂದು. ಎಂ6 ಸ್ಟಡ್ ಹಾಕಿ, ಫ್ಲಾಂಜಿನ ಹಿಂದಿನಿಂದ ನಟ್ ಬಿಗಿಯಿರಿ. ಆ ಇಕ್ಕಟ್ಟಿನಲ್ಲಿ ಬೆರಳು ಹೋಗುತ್ತದೆಯೇ ಎಂದೂ ಆಗಲೇ ಗೊತ್ತಾಗುತ್ತದೆ. ಎರಡನೇ ಲೇತ್ ಮೇಲೆ ಸ್ಪಿಗಾಟ್ ಪೂರ್ತಿ ಮುಗಿಸಿಬಿಡಿ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಆದರೆ 72ರ ವ್ಯಾಸಕ್ಕೆ ಸುಮಾರು 110 ಆರ್‌ಪಿಎಂ, ಎಣ್ಣೆ ಹಚ್ಚುತ್ತಾ. 72.1 ಬಂದ ಮೇಲೆ ಒಂದೊಂದು ಸಲಕ್ಕೆ ಎರಡು ಸೆಂಟಿ ಮಾತ್ರ ತೆಗೆಯಿರಿ, ಪ್ರತಿ ಸಲವೂ ಚಕ್ ಹಿಡಿದು ನೋಡಿ. ಕೈಯಿಂದ ಒತ್ತಿದರೆ ಚಕ್ ಗಾಳಿಯನ್ನು ಹೊರಗೆ ತಳ್ಳುತ್ತಾ ನಿಧಾನವಾಗಿ ಕೂರಬೇಕು. ಆ ಮೆತ್ತನೆಯ ಕೂರುವಿಕೆ ಒಮ್ಮೆ ಕೈಗೆ ಸಿಕ್ಕರೆ ಮರೆಯುವುದಿಲ್ಲ. ಆಮೇಲೆ ಮುಖದ ಮೇಲೆ ಒಂದು ಹಗುರ ಕಟ್. ಅಂಚುಗಳ ಬರ್ ತೆಗೆದು, ಎರಡೂ ಮುಖ ಬಟ್ಟೆಯಿಂದ ಒರೆಸಿ, ಆಮೇಲೆ ಬೆರಳಿಂದ ಸವರಿ. ಬಟ್ಟೆಗೆ ಸಿಗದ ಚಿಪ್ಸ್ ಬೆರಳಿಗೆ ಸಿಗುತ್ತದೆ. ಮುಖಗಳ ನಡುವೆ ಕೂದಲೆಳೆಯಷ್ಟು ಚಿಪ್ಸ್ ಉಳಿದರೂ ಚಕ್ ಓಲಾಡುತ್ತದೆ.

ಇದನ್ನೆಲ್ಲ ವಿಡಿಯೊ ಮಾಡಿ ಗುಂಪಿಗೆ ಕಳಿಸಿ. ಕೊನೆಯ ಕಟ್ ತೆಗೆಯಲು ಧೈರ್ಯ ಇಲ್ಲದವರು ಇಬ್ಬರು ಮೂವರು ಇದ್ದೇ ಇರುತ್ತಾರೆ. ಅವರ ಮನೆಗೆ ಒಬ್ಬರು ಹೋಗಿ ಜೊತೆ ನಿಲ್ಲಲಿ, ಟೂಲ್ ಹಿಡಿಯುವುದು ಮಾತ್ರ ಲೇತ್ ಇರುವವರೇ ಆಗಲಿ.

ದುಡ್ಡು. ಮೊದಲ ಪೀಸ್ ಸರಿ ಎಂದು ಖಚಿತವಾಗಿ, ಡ್ರಾಯಿಂಗ್ ಮುಚ್ಚಿದ ಮೇಲೆ, ಎಲ್ಲರಿಂದ ಪೂರ್ತಿ ದುಡ್ಡು ತೆಗೆದುಕೊಳ್ಳಿ. ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ, ನಮ್ಮ ಉದಾಹರಣೆಯಲ್ಲಾದರೆ 1,500. ಬಿಲ್ ಫೋಟೊ ಹಾಕಿ, ಸ್ಪೇರ್ ಪೀಸಿನ ಖರ್ಚು ಹಂಚಿ, ಉಳಿದದ್ದು ವಾಪಸ್ ಕೊಡಿ. ನಿಮ್ಮ ಸಂಬಳದ ಖಾತೆಗೆ ಬೇಡ. ಮನೆಯಲ್ಲಿ ಯಾರದ್ದಾದರೂ ಬಳಸದ ಉಳಿತಾಯ ಖಾತೆ ಇದ್ದರೆ ಅದಕ್ಕೆ ಹಾಕಿಸಿ, ಬೆರಕೆ ಆಗುವುದಿಲ್ಲ. ಗುಂಪಿನಲ್ಲಿ ಇನ್ನೊಬ್ಬರಿಗೂ ಲೆಕ್ಕ ಕಾಣುವಂತಿರಲಿ. ದುಡ್ಡು ಕೊಟ್ಟವರಿಗೆ ಮಾತ್ರ ಪೀಸ್. "ನೀವು ಮಾಡಿಸಿ, ಬಂದಾಗ ಕೊಡ್ತೀನಿ" ಎನ್ನುವವರು ಎಷ್ಟೇ ಆಪ್ತರಾದರೂ ಲೆಕ್ಕಕ್ಕೆ ಹಿಡಿಯಬೇಡಿ. ನಡುವೆ ಬೇಡ ಎಂದವರು ತಮ್ಮ ಜಾಗಕ್ಕೆ ಬೇರೆಯವರನ್ನು ಕೊಡಬೇಕು. ಇದನ್ನು ಮೊದಲೇ ಹೇಳಿಬಿಡಿ. ವರ್ಕ್‌ಶಾಪಿಗೆ ಅರ್ಧ ಅಡ್ವಾನ್ಸ್, ಉಳಿದರ್ಧ ನೀವೇ ಅಲ್ಲಿ ನಿಂತು 19 ಗುಣಿಗಳನ್ನೂ ಅಳೆದ ಮೇಲೆ. ಒಂದು ರೂಪಾಯಿ ಲಾಭವನ್ನೂ ಸೇರಿಸಬೇಡಿ, ಸೇರಿಸಿದ ದಿನ ಅದು ವ್ಯಾಪಾರ. ನಿಮ್ಮ ಪೆಟ್ರೋಲ್ ಖರ್ಚನ್ನು ಮಾತ್ರ ಸಂಕೋಚ ಇಲ್ಲದೆ ಬರೆದು ತೆಗೆದುಕೊಳ್ಳಿ.

ಡ್ರಾಯಿಂಗ್ ಮುಚ್ಚಿದ ಮೇಲೆ ಒಬ್ಬರಾದರೂ ಕೇಳುತ್ತಾರೆ: "ನನಗೊಂದು 125ರ ಚಕ್ಕಿಗೆ ಮಾಡಿಸಿಕೊಡ್ತೀರಾ?" ಇಲ್ಲ ಎನ್ನಿ. ಒಂದು ಬೇರೆ ಪೀಸ್ ಬಂದರೆ ಅದಕ್ಕೆ ಬೇರೆ ಪ್ರೋಗ್ರಾಂ, ಬೇರೆ ಸೆಟ್ಟಿಂಗ್, ಅದರ ಖರ್ಚು ಉಳಿದ 16 ಜನರ ತಲೆ ಮೇಲೆ.

ತಾರೀಖು ಹೇಳುವಾಗ ಪುಣೆಯ ಕ್ಯಾಲೆಂಡರ್ ನೋಡಿ ಹೇಳಿ. ಇಲ್ಲಿ ಎಂಐಡಿಸಿ ರಜೆ ಗುರುವಾರ. ಆಷಾಢ ಏಕಾದಶಿಗೆ ಮೊದಲು, ಜ್ಯೇಷ್ಠ ಬಹುಳದಲ್ಲಿ ದೇಹು ಮತ್ತು ಆಳಂದಿಯಿಂದ ಪಾಲಖಿ ಹೊರಡುವ ದಿನಗಳಲ್ಲಿ ಪಿಂಪ್ರಿ-ಚಿಂಚವಾಡದ ರಸ್ತೆಗಳೆಲ್ಲ ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳದ್ದು, ಆ ದಿನ ಮಾಲು ತರುವ ಯೋಚನೆಯೇ ಬೇಡ. ಗಣಪತಿ ಹತ್ತು ದಿನ ಕೆಲಸ ಅರ್ಧ. ಆಯುಧಪೂಜೆಯ ದಿನ ಮೆಷಿನ್ ಮುಟ್ಟುವುದಿಲ್ಲ. ದೀಪಾವಳಿಗೆ ಊರಿಗೆ ಹೋದ ಆಪರೇಟರ್ ವಾಪಸ್ ಬರಲು ವಾರ ಆಗುತ್ತದೆ. ಶೇಟ್ ಎರಡು ವಾರ ಎಂದರೆ ಗುಂಪಿಗೆ ಐದು ವಾರ ಎಂದು ಹೇಳಿ.

ಮಾಲು ಬಂದ ದಿನವೇ ಎಣ್ಣೆ ಹಚ್ಚಿ. ಕೂಲಂಟ್ ಒಣಗದ ಇಎನ್8 ಪುಣೆಯ ಮಳೆಗಾಲದಲ್ಲಿ ಒಂದು ರಾತ್ರಿಗೇ ಕೆಂಪಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ತುಕ್ಕು ತಡೆಯುವ ಎಣ್ಣೆ ಸವರಿ, ಎಣ್ಣೆಕಾಗದದಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್. ಬೆಳಗಾವಿ, ಹುಬ್ಬಳ್ಳಿಯ ನಾಲ್ಕೂ ಪ್ಲೇಟನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿದರೂ ಒಂದಕ್ಕೊಂದು ತಾಗದಂತೆ ನಡುವೆ ಪ್ಲೈವುಡ್ ತುಂಡು ಇಡಿ. ಸ್ಪಿಗಾಟ್‌ನ ಅಂಚಿಗೆ ಒಂದು ಪೆಟ್ಟು ಬಿದ್ದರೆ ನೀವು ಬಿಟ್ಟ ಅರ್ಧ ಮಿಲಿಮೀಟರ್ ಅಲ್ಲೇ ಖರ್ಚಾಗುತ್ತದೆ. ಎಂ8×20 ಅಲೆನ್ ಬೋಲ್ಟ್ ಮೂರು, ಎಂ6 ಸ್ಟಡ್ ಮೂರು ಪ್ರತಿ ಪೊಟ್ಟಣದಲ್ಲೂ ಹಾಕಿಬಿಡಿ. ರವಿವಾರ ಪೇಠೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಟ್ಟಿಗೆ ತೆಗೆದುಕೊಂಡರೆ ಎಲ್ಲರದ್ದೂ ಒಂದೇ ಗ್ರೇಡ್ ಆಗುತ್ತದೆ. 8.8 ಕೇಳಿ.

ಮೊದಲು ಚಕ್ಕನ್ನು ಪ್ಲೇಟಿಗೆ ಬಿಗಿದು, ಆಮೇಲೆ ಪ್ಲೇಟನ್ನು ಸ್ಪಿಂಡಲ್‌ಗೆ ಹಾಕಬೇಕು. ಪ್ಲೇಟ್ ಕೂತ ಮೇಲೆ ಎಂ8 ತಲೆಗಳಿಗೆ ಫ್ಲಾಂಜ್ ಅಡ್ಡ ಬರುತ್ತದೆ, ಆಮೇಲೆ ಅಲೆನ್ ಕೀ ಹೋಗುವುದಿಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಪೊಟ್ಟಣದೊಳಗೆ ಇಡಿ.

ಲೇತ್‌ಗಳನ್ನೆಲ್ಲ ಅಳೆದ ಮೇಲೆ ಆ 17 ಅಂಕಿಗಳನ್ನೂ ಡ್ರಾಯಿಂಗ್‌ನ ಒಂದು ಪ್ರತಿಯನ್ನೂ ನನಗೆ ಕಳಿಸಿ. ವರ್ಕ್‌ಶಾಪಿಗೆ ಕೊಡುವ ಮೊದಲು ಎಂ6 ತೂತಿನ ಆಳ ಮತ್ತು ಕೌಂಟರ್‌ಬೋರ್‌ನ ಗೋಡೆ ಎರಡನ್ನೂ ಇನ್ನೊಮ್ಮೆ ಕೂತು ನೋಡುತ್ತೇನೆ.